ಹೋಗುವ ಮುನ್ನ ಬರುವ ದಿನ ಬರೆದಿಡಿ

ಸೀಗಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮೂರ ಮುಂದಿನ ರಸ್ತೆಯಲ್ಲಿ ತುಳಜಾಪುರಕ್ಕೆ ನಡೆದು ಹೋಗುವವರ ಸಾಲು ಶುರುವಾಗುತ್ತದೆ. ಬರಿಗಾಲು, ಹೆಗಲಿಗೊಂದು ಟವೆಲ್ಲು, ಕೈಯಲ್ಲಿ ನೀರಿನ ಬಾಟಲಿ, ಬಾಯಲ್ಲಿ ಅಂಬಾಭವಾನಿಯ ಹೆಸರು. ಆ ಹೊತ್ತಿಗೆ ನಮ್ಮ ತೊಗರಿ ಹೂವಿಗೆ ಬಂದಿರುತ್ತದೆ. ಕಾಯಿಕೊರಕ ಬೀಳುವ ಕಾಲವೂ ಅದೇ, ಹೊಲ ಬಿಟ್ಟು ಕದಲುವಂತಿಲ್ಲ. ನಾನು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬದುವಿನ ಮೇಲೆ ನಿಂತು ಅವರ ಕಾಲುಗಳನ್ನೇ ನೋಡುತ್ತಿರುತ್ತೇನೆ. ಯಾರದು ಸೋತಿದೆ, ಯಾರದು ಇನ್ನೂ ಗಟ್ಟಿ ಇದೆ, ಯಾರು ಹಿಮ್ಮಡಿ ಎತ್ತಿ ನಡೆಯುತ್ತಿದ್ದಾರೆ ಎಂದು. ಅವತ್ತಿನಿಂದ ರಾಶಿ ಮುಗಿಯುವವರೆಗೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ.

ನನಗೀಗ ಐವತ್ತೆರಡು. ಆಳಂದ ತಾಲ್ಲೂಕಿನಲ್ಲಿ ಅಮರ್ಜಾ ಹೊಳೆಯ ಹತ್ತಿರ ನಮ್ಮದು ಆರು ಎಕರೆ ಎರೆಹೊಲ. ನನ್ನ ಜೊತೆಗಾತಿ ನನ್ನ ನೆಗೆಣ್ಣಿ, ನನಗಿಂತ ಆರು ವರ್ಷ ಚಿಕ್ಕವಳು. ನಾವಿಬ್ಬರೂ ಯುಗಾದಿಗೆ ಶ್ರೀಶೈಲಕ್ಕೆ ಮೂರು ಸಲ ನಡೆದಿದ್ದೇವೆ. ಆಮೇಲೆ ನಾಲ್ಕು ವರ್ಷದಲ್ಲಿ, ನಾಲ್ಕು ತುಂಡು ಮಾಡಿಕೊಂಡು, ಒಟ್ಟು 145 ದಿನ ನಡೆದು ನರ್ಮದಾ ಪರಿಕ್ರಮೆ, ಅಂದರೆ ಇಡೀ ನರ್ಮದಾ ನದಿಯನ್ನು ಸುತ್ತಿ ಬರುವ ಯಾತ್ರೆ, ಮುಗಿಸಿದೆವು. ಕೇಳುವವರೆಲ್ಲ ಹೋಗುವುದರ ಬಗ್ಗೆ ಕೇಳುತ್ತಾರೆ: ಯಾವ ಬೂಟು, ಯಾವ ಚೀಲ, ಹೆದರಿಕೆ ಆಗಲಿಲ್ಲವೇ. ಅದನ್ನೆಲ್ಲ ಹೇಳುತ್ತೇನೆ. ಆದರೆ ತಿರುಗಿ ಬರುವುದು ಹೇಗೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ, ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಬಂದಾಗ ನಾನು ಮಾಡಿಕೊಂಡ ತಪ್ಪು ನಿಮ್ಮಿಂದ ಆಗಬಾರದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯನ್ನು ತುಂಡು ಮಾಡುವುದು ಕಲಿಯಿರಿ. ನರ್ಮದೆಯ ಉದ್ದ 1,312 ಕಿಲೋಮೀಟರ್. ಎರಡೂ ದಂಡೆ ಸೇರಿದರೆ ಸುಮಾರು 2,600. ನದಿ ಯಾವಾಗಲೂ ಬಲಗೈಗೆ ಇರಬೇಕು, ನಡಿಗೆಯಲ್ಲಿ ಅದನ್ನು ದಾಟುವಂತಿಲ್ಲ. ಹಳೆಯ ಪದ್ಧತಿಯಂತೆ ನಡೆದರೆ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ. ಒಕ್ಕಲುತನದವರಿಗೆ ಅದು ಆಗದ ಮಾತು. ಆದರೆ ಖಂಡ ಪರಿಕ್ರಮೆ ಎಂಬುದೂ ಇದೆ: ನಡೆದಷ್ಟು ನಡೆದು ಮನೆಗೆ ಬಂದು, ಮತ್ತೆ ಹೋದಾಗ ಬಿಟ್ಟ ಜಾಗದಿಂದಲೇ ಹೆಜ್ಜೆ ಇಡುವುದು. ನಾವು ಮೊದಲ ವರ್ಷ ಓಂಕಾರೇಶ್ವರದಿಂದ ದಕ್ಷಿಣ ದಂಡೆ ಹಿಡಿದು ಸಮುದ್ರದವರೆಗೆ ಹೋದೆವು. ಅಲ್ಲಿ ಭರತಕ್ಕೆ ಕಾದು ದೋಣಿಯಲ್ಲಿ ಅಳಿವೆ ದಾಟಿ, ಉತ್ತರ ದಂಡೆಯ ಭರೂಚ್‌ನಲ್ಲಿ ನಿಲ್ಲಿಸಿದೆವು. ಎರಡನೇ ವರ್ಷ ಭರೂಚ್‌ನಿಂದ ನೇಮಾವರ, ಮೂರನೇ ವರ್ಷ ನೇಮಾವರದಿಂದ ನದಿ ಹುಟ್ಟುವ ಅಮರಕಂಟಕ, ನಾಲ್ಕನೇ ವರ್ಷ ಅಮರಕಂಟಕದಿಂದ ದಕ್ಷಿಣ ದಂಡೆಯ ನರ್ಮದಾಪುರಂ ಮೇಲೆ ಮತ್ತೆ ಓಂಕಾರೇಶ್ವರ. ಉತ್ತರ ದಂಡೆಯಿಂದ ಮನೆಗೆ ಬರುವಾಗ ನದಿ ದಾಟಲೇಬೇಕು. ನಮ್ಮೂರು ದಕ್ಷಿಣಕ್ಕಿದೆ, ಬೇರೆ ದಾರಿಯಿಲ್ಲ. ಅದು ನಡಿಗೆಯ ಲೆಕ್ಕಕ್ಕೆ ಸೇರುವುದಿಲ್ಲ ಎಂದು ನಾವು ಒಪ್ಪಿಕೊಂಡೆವು. ಕಟ್ಟುನಿಟ್ಟಿನವರು ಒಪ್ಪದಿರಬಹುದು, ಅವರ ಮಾತಿಗೂ ಬೆಲೆಯಿದೆ.

ತುಂಡು ಮಾಡಿ ನಡೆಯುವುದು ಕಡಿಮೆಯ ನಡಿಗೆ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಜಾರ್ಜಿಯಾದಿಂದ ಮೇನ್‌ವರೆಗೆ ಬೆಟ್ಟದ ಮೇಲೇ ಸಾಗುವ ಅಪಲೇಚಿಯನ್ ಟ್ರೇಲ್ ಎಂಬ 3,500 ಕಿಲೋಮೀಟರ್ ಮೀರಿದ ಹಾದಿಯಿದೆಯಂತೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ನನ್ನ ಅಣ್ಣನ ಮಗ ಹೇಳಿದ್ದು. ಅಲ್ಲೂ ವರ್ಷಕ್ಕಿಷ್ಟು ಎಂದು ನಡೆಯುವವರಿದ್ದಾರೆ, ಅವರನ್ನು ಸೆಕ್ಷನ್ ಹೈಕರ್ ಎನ್ನುತ್ತಾರೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಹನ್ನೊಂದು ಮಕ್ಕಳ ತಾಯಿ, 67ನೇ ವಯಸ್ಸಿನಲ್ಲಿ, ತಾನೇ ಹೊಲಿದ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಆ ಹಾದಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಆಕೆಯ ಕಾಲಿಗಿದ್ದದ್ದು ಸಾದಾ ಕ್ಯಾನ್ವಾಸ್ ಬೂಟು. ಅವನು ಇದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾಲವನ್ನು ನಿಮ್ಮ ಹೊಲದಿಂದ ಗೊತ್ತು ಮಾಡಿಕೊಳ್ಳಿ. ನಮಗೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಬಜ್ಜಿ-ಸಜ್ಜೆ ರೊಟ್ಟಿ ಉಂಡು, ತೊಗರಿ ರಾಶಿ ಮಾಡಿ ಮಾರಿದ ಮೇಲೆ ಕೈ ಖಾಲಿ. ಅಲ್ಲಿಂದ ಮಾರ್ಚ್ ಮುಗಿಯುವವರೆಗೆ ನಡೆಯುವ ಕಾಲ. ಆಮೇಲೆ ಬಿಸಿಲು ನಲವತ್ತು ದಾಟುತ್ತದೆ. ಮಳೆಗಾಲದ ನಾಲ್ಕು ತಿಂಗಳು ಪರಿಕ್ರಮೆಯವರೂ ಒಂದೇ ಕಡೆ ಕೂತು ಚಾತುರ್ಮಾಸ ಮಾಡುತ್ತಾರೆ, ನಾವು ಆಗ ಬಿತ್ತನೆ ಮಾಡುತ್ತೇವೆ. ರೈಲಿಗೆ ನಮ್ಮ ಭಾಗದವರು ಪುಣ್ಯ ಮಾಡಿದ್ದೇವೆ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಬದಲಿಸದೇ ಖಂಡ್ವಾದಲ್ಲಿ ಇಳಿಯಬಹುದು, ಅಲ್ಲಿಂದ ಓಂಕಾರೇಶ್ವರಕ್ಕೆ ಬಸ್ಸು.

ತಿಂಗಳು ಮೊದಲು ರೂಢಿ ಮಾಡಿಕೊಳ್ಳಿ. ನಾವು ಚೀಲದಲ್ಲಿ ಆರು ಕಿಲೋ ತೊಗರಿ ತುಂಬಿಕೊಂಡು ವಾರಕ್ಕೆ ಮೂರು ದಿನ ಹೊಲದಿಂದ ಊರಿಗೆ, ಊರಿಂದ ಹೊಲಕ್ಕೆ ಸುತ್ತು ಹಾಕುತ್ತಿದ್ದೆವು. ಕೊನೆಗೆ ಎರಡು ದಿನ ಗಾಣಗಾಪುರಕ್ಕೆ. ನಮ್ಮ ಅಮರ್ಜಾ ಅಲ್ಲೇ ಭೀಮೆಗೆ ಸೇರುವುದು, ಅದಕ್ಕೆ ಹೊಳೆಯ ಬದಿ ಬಿಡದೇ ನಡೆದರೆ ದಾರಿ ತಪ್ಪುವ ಮಾತಿಲ್ಲ. ಗಾಣಗಾಪುರ ಇನ್ನೊಂದು ಪಾಠವನ್ನೂ ಕಲಿಸಿತು. ಅಲ್ಲಿ ದತ್ತಾತ್ರೇಯನ ಹೆಸರಲ್ಲಿ ಐದು ಮನೆಯಲ್ಲಾದರೂ ಮಾಧುಕರಿ ಬೇಡಬೇಕು. ಆರು ಎಕರೆ ಹೊಲದ ಒಡತಿ ನಾನು, ಮನೆಗೆ ಬಂದ ಭಿಕ್ಷುಕರಿಗೆ ಕೊಟ್ಟು ರೂಢಿ, ಬೇಡಿ ರೂಢಿಯಿಲ್ಲ. ಮೊದಲ ಮನೆಯ ಮುಂದೆ ಬಾಯಿ ಬರಲಿಲ್ಲ. ಐದನೇ ಮನೆಗೆ ಹೋಗುವಷ್ಟರಲ್ಲಿ ಬಂತು. ನರ್ಮದೆಯ ದಂಡೆಯಲ್ಲಿ ಆಶ್ರಮದವರು, ಹಳ್ಳಿಯವರು ನಡೆಯುವವರಿಗೆ ಊಟ ಕೊಡುತ್ತಾರೆ, ಇಲ್ಲವೇ ಸದಾವ್ರತ ಎಂದು ಅಕ್ಕಿ-ಬೇಳೆ ಕೊಡುತ್ತಾರೆ. ಆದರೆ ಬಾಗಿಲಲ್ಲಿ ನಿಂತು 'ನರ್ಮದೇ ಹರ್' ಎಂದು ಕೂಗುವ ಬಾಯಿ ನಿಮಗಿರಬೇಕು. ಕೇಳುವುದಕ್ಕೆ ನಾಚುವವರು ಮೊದಲು ಗಾಣಗಾಪುರಕ್ಕೆ ಹೋಗಿ ಬನ್ನಿ.

ಇನ್ನು ಕಾಲು. ಬೂಟು ನಿಮ್ಮ ಅಳತೆಗಿಂತ ಒಂದು ನಂಬರ್ ದೊಡ್ಡದಿರಲಿ, ನಡೆದಂತೆ ಪಾದ ಬಾತುಕೊಂಡು ಅಗಲವಾಗುತ್ತದೆ. ಹೊಸ ಬೂಟಿನಲ್ಲಿ ಹೊರಡಬೇಡಿ. ಹತ್ತಿ ಕಾಲುಚೀಲ ಬೇಡ, ಬೆವರು ಕುಡಿದು ಒದ್ದೆಯಾಗಿ ಗುಳ್ಳೆ ಏಳಿಸುತ್ತದೆ. ಉಣ್ಣೆ ಬೆರೆತದ್ದು ಇಲ್ಲವೇ ಬೇಗ ಒಣಗುವ ತೆಳು ಕಾಲುಚೀಲ ಇರಲಿ. ಎಲ್ಲಿ ಉರಿ ಅನಿಸಿತೋ ಅಲ್ಲೇ ನಿಂತು ಬೂಟು ಬಿಚ್ಚಿ, ಆ ಜಾಗಕ್ಕೆ ಟೇಪು ಅಂಟಿಸಿ. ಮುಂದಿನ ಊರಲ್ಲಿ ನೋಡೋಣ ಎಂದವರೇ ಮುಂದಿನ ಊರಲ್ಲಿ ಮೂರು ದಿನ ಕೂರುತ್ತಾರೆ. ಗುಳ್ಳೆ ಎದ್ದರೆ ಒಡೆಯಬೇಡಿ. ತಾನಾಗಿ ಒಡೆದರೆ ತೊಳೆದು, ಚೊಕ್ಕ ಬಟ್ಟೆ ಕಟ್ಟಿ. ಉಗುರು ಮೋಟಾಗಿ ಕತ್ತರಿಸಿ, ಇಳಿಜಾರಿನಲ್ಲಿ ಬೆರಳು ಬೂಟಿಗೆ ಬಡಿದು ಉಗುರು ಕಪ್ಪಾಗುತ್ತದೆ. ಶೂಲಪಾಣಿ ಝಾಡಿ ಎಂಬ ಕಾಡಿನ ಬೆಟ್ಟಗಳಲ್ಲಿ ನನ್ನ ಎರಡು ಉಗುರು ಹೋದವು. ರಾತ್ರಿ ಕಾಲು ತೊಳೆದು ಪೂರ್ತಿ ಒಣಗಿಸಿ ಕುಸುಬಿ ಎಣ್ಣೆ ತಿಕ್ಕಿ. ನೆಗೆಣ್ಣಿ ನನ್ನ ಕಾಲಿಗೆ, ನಾನು ಅವಳ ಕಾಲಿಗೆ. ಮನೆಯಲ್ಲಿ ಇಪ್ಪತ್ತು ವರ್ಷ ಒಂದೇ ಒಲೆ ಮುಂದೆ ಕೂತರೂ ನಾವು ಅಷ್ಟು ಹತ್ತಿರ ಬಂದಿರಲಿಲ್ಲ.

ಚೀಲದ ತೂಕ ಆರು ಕಿಲೋ ದಾಟದಿರಲಿ. ಎರಡು ಜೊತೆ ಬಟ್ಟೆ (ಐವತ್ತರ ಹತ್ತಿರ ಮೊದಲ ಸಲ ಚೂಡಿದಾರ ತೊಟ್ಟೆ, ಸೀರೆಯಲ್ಲಿ ಬೆಟ್ಟ ಇಳಿಯುವ ಹಟ ಬೇಡ), ಮಲಗುವ ಚೀಲ, ನೆಲಕ್ಕೆ ಹಾಸುವ ಪ್ಲಾಸ್ಟಿಕ್, ತಲೆಗೆ ಕಟ್ಟುವ ಬ್ಯಾಟರಿ, ಒಂದು ತಾಟು, ಒಂದು ಲೋಟ, ಆಧಾರ್ ಕಾರ್ಡು, ಆಶ್ರಮಗಳಲ್ಲಿ ಮೊಹರು ಹಾಕಿಸಿಕೊಳ್ಳುವ ವಹಿ. ಮೊದಲ ವರ್ಷ ನಾನು ಅವ್ವ ಹೊಲಿದ ಕೌದಿ ಹೊತ್ತುಕೊಂಡು ಹೋಗಿದ್ದೆ. ಎಂಟು ಹಳೇ ಸೀರೆಯ ಕೌದಿ ಅದು. ಇಬ್ಬನಿ ಬಿದ್ದು ತೊಯ್ದರೆ ಮಗು ಹೊತ್ತಷ್ಟು ಭಾರ. ಬಡವಾನಿಯಲ್ಲಿ ಅಂಚೆಗೆ ಹಾಕಿ ಊರಿಗೆ ಕಳಿಸಿದೆ. ಅಂಚೆಯವರ ಮುಂದೆ ಅದನ್ನು ಮಡಚಿ ಕಟ್ಟುವಾಗ ಅತ್ತುಬಿಟ್ಟೆ. ಪ್ರೀತಿಯ ವಸ್ತು ಮನೆಯಲ್ಲಿರಲಿ, ಬಂದಾಗ ಅದೇ ಬೇಕಾಗುತ್ತದೆ.

ತಿನ್ನಲು ಖಡಕ್ ರೊಟ್ಟಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೆಳ್ಳಗೆ ಬಡಿದು, ಹೆಂಚಿನ ಮೇಲೆ ಬೇಯಿಸಿ, ಬಟ್ಟೆಯಿಂದ ಒತ್ತಿ ಒಂದು ಹನಿ ನೀರೂ ಉಳಿಯದ ಹಾಗೆ ಒಣಗಿಸಿದ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಗಾಳಿಯಷ್ಟು ಹಗುರ. ಇಪ್ಪತ್ತು ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ). ಊಟ ಸಿಗದ ದಿನಕ್ಕೆ ಮಾತ್ರ ಮುಟ್ಟಬೇಕು. ಮಧ್ಯಪ್ರದೇಶದ ಒಂದು ಹಳ್ಳಿಯಲ್ಲಿ ನಮಗೆ ದಾಲ್ ಹಾಕಿದ ಅಜ್ಜಿಗೆ ಒಂದು ರೊಟ್ಟಿ ಕೊಟ್ಟೆವು. ಆಕೆ ಹಪ್ಪಳವೆಂದು ತಿಳಿದು ಎಣ್ಣೆಗೆ ಹಾಕಲು ಹೊರಟಿದ್ದಳು. ತಡೆದು, ಮುರಿದು ದಾಲಿನಲ್ಲಿ ನೆನೆಸಿ ಕೊಟ್ಟಾಗ ಎರಡನೆಯದಕ್ಕೆ ಕೈ ಚಾಚಿದಳು.

ದಿನದ ನಡಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ದಿನದಲ್ಲಿ ನಿಮಗೇ ತಿಳಿಯುತ್ತದೆ. ಬೆಳಕು ಹರಿಯುವಾಗ ಹೊರಡಿ, ಹನ್ನೊಂದಕ್ಕೆ ನೆರಳು ಹಿಡಿಯಿರಿ, ಮೂರರ ಮೇಲೆ ಮತ್ತೆ ನಡೆಯಿರಿ. ಸರಾಸರಿ ಹದಿನೆಂಟು ಕಿಲೋಮೀಟರ್ ಸಾಕು. ಹೆಣ್ಣುಮಕ್ಕಳು ಇಬ್ಬರಾದರೂ ಇರಿ, ಹೊತ್ತು ಮುಳುಗುವ ಮೊದಲೇ ಮಲಗುವ ಜಾಗ ಸೇರಿ, ಹೆಂಗಸರಿರುವ ಮನೆ ಅಥವಾ ಆಶ್ರಮ ನೋಡಿ ಕೇಳಿ.

ಈಗ ಮನೆಯ ಮಾತು. ಚೀಲ ಕಟ್ಟುವ ಮೊದಲು ಬರುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು ಗೋಲ ಹಾಕಿ, ಬರುವ ರೈಲಿನ ಟಿಕೆಟ್ ತೆಗೆಸಿ. ನಡಿಗೆ ಮುಗಿಯದಿದ್ದರೂ ಆ ದಿನಕ್ಕೆ ಬನ್ನಿ. ಹಾದಿಯಲ್ಲಿದ್ದಾಗ ಇನ್ನೆರಡು ದಿನ, ಇನ್ನು ನಾಲ್ಕು ದಿನ ಎನ್ನುವ ಆಸೆ ಬಹಳ ಬಲವಾದದ್ದು. ಅದಕ್ಕೆ ಒಮ್ಮೆ ಸೋತರೆ ಮುಂದಿನ ವರ್ಷ ಮನೆಯವರು ನಿಮ್ಮ ಮಾತು ನಂಬುವುದಿಲ್ಲ. ನೀವು ಮಾಡುವ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವುದು ಯಾರಿಗೆ ಎಂದು ಮನೆಯವರನ್ನು ಕೂರಿಸಿಕೊಂಡೇ ಹಂಚಿ. ಎಮ್ಮೆಗೆ ಹಿಂಡಿ ಎಷ್ಟು, ಅತ್ತಿಯ ಬಿಪಿ ಗುಳಿಗೆ ಯಾವ ಡಬ್ಬಿಯಲ್ಲಿದೆ, ಸಂಘದ ಕಂತು ಯಾವ ದಿನ. ಜೋಳದ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿ ಇಡಬೇಡಿ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಬಡಿಯಲು ಬಾರದ ಗಂಡಸರಿಗೆ ಇನ್ನೂ ಕಷ್ಟ. ನಾವು ನೂರು ಖಡಕ್ ರೊಟ್ಟಿ ಮಾಡಿಟ್ಟೇ ಹೊರಡುತ್ತೇವೆ.

ಫೋನಿಗೆ ಒಂದೇ ಹೊತ್ತು ಗೊತ್ತು ಮಾಡಿ, ರಾತ್ರಿ ಏಳಕ್ಕೆ, ಐದು ನಿಮಿಷ. ಹೊರಡುವ ಮೊದಲು ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಿ: ಕೆಟ್ಟ ಸುದ್ದಿ ಮುಚ್ಚಿಡಬಾರದು. ನಾನು ಇದನ್ನು ಗಟ್ಟಿ ಮಾಡಿಕೊಳ್ಳದೇ ಹೋಗಿದ್ದೆ.

ಮೊದಲ ವರ್ಷ ಮೂವತ್ತನಾಲ್ಕು ದಿನ ನಡೆದು, ಭರೂಚ್‌ನಲ್ಲಿ ರೈಲು ಹಿಡಿದು, ಮುಂಬೈ ಮೇಲೆ ಕಲಬುರಗಿಗೆ ಬಂದು, ಇಳಿದ ಕಾಲಲ್ಲೇ ಆಳಂದ ಬಸ್ಸು ಹತ್ತಿ ಸೀದಾ ಮನೆಗೆ ಬಂದೆ. ಬಾಗಿಲಲ್ಲಿ ಕಾಲಿಗೆ ನೀರು ಹಾಕಿದರು. ಒಳಗೆ ಹೆಜ್ಜೆ ಇಟ್ಟಾಗ ಶಹಾಬಾದ್ ಫರಸಿಯ ತಂಪು ಅಂಗಾಲಿಗೆ ಹತ್ತಿ, ಮೊಣಕಾಲವರೆಗೂ ಏರಿತು. ಅಷ್ಟು ಸುಖ ಎಲ್ಲೂ ಸಿಕ್ಕಿರಲಿಲ್ಲ. ನಾನು ಮಾತಾಡಲು ಶುರು ಮಾಡಿದೆ. ಝಾಡಿ ಹೇಗಿತ್ತು, ದೋಣಿ ಹೇಗೆ ತೂಗಾಡಿತು, ಯಾವ ಊರಲ್ಲಿ ಯಾರು ಏನು ಉಣಿಸಿದರು. ಬಾಟಲಿಯಲ್ಲಿ ತಂದ ನೀರನ್ನು ತೀರ್ಥವೆಂದು ಎಲ್ಲರಿಗೂ ಹಾಕುತ್ತಾ ಬಂದೆ. ಅತ್ತಿ ಎಡಗೈ ಚಾಚಿದರು. ತೀರ್ಥಕ್ಕೆ ಎಡಗೈ ಯಾರಾದರೂ ಚಾಚುತ್ತಾರೆಯೇ ಎಂದು ಮುಖ ನೋಡಿದೆ. ಬಲಗೈ ಸೆರಗಿನೊಳಗಿತ್ತು, ಮಣಿಕಟ್ಟಿಗೆ ಪ್ಲಾಸ್ಟರ್. ನಾನು ಹೋದ ಹತ್ತನೇ ದಿನ ಬಚ್ಚಲಲ್ಲಿ ಜಾರಿ ಬಿದ್ದಿದ್ದರು.

"ಹೇಳಿದ್ರ ನೀ ತಿರುಗಿ ಬರ್ತಿದ್ದಿ. ನಿನ್ನ ನದಿ ಅರ್ಧಕ್ಕ ನಿಲ್ತಿತ್ತು" ಅಂದರು ಅತ್ತಿ.

ಆ ಸಂಜೆ ಎಮ್ಮೆ ಹಿಂಡಲು ಹೋದೆ. ಆರು ವರ್ಷದಿಂದ ನಾನೇ ಹಿಂಡಿದ ಎಮ್ಮೆ ಅದು. ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಒದ್ದು ಬಕೆಟ್ ಉರುಳಿಸಿತು. ಮತ್ತೆ ಕೂತೆ, ಮತ್ತೆ ಒದೆಯಿತು. ನಮ್ಮ ಮನೆಯವರು ಬಂದು ಬಕೆಟ್ ತೆಗೆದುಕೊಂಡು, "ನಿನ್ನ ವಾಸನಿ ಮರ್ತದ ಅದು. ಎರಡು ದಿನ ಬಾಜೂಕ ನಿಂದ್ರು, ಮಾತಾಡ್ಸು. ಹಿಂಡೋದು ಆಮ್ಯಾಗ" ಅಂದರು. ಅವರು ಹಿಂಡುವಾಗ ನಾನು ಅದರ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತೆ. ಎರಡು ದಿನ, ನಾಲ್ಕು ಹೊತ್ತು. ಮೂರನೇ ದಿನ ಬೆಳಗ್ಗೆ ಅದು ತಲೆ ತಿರುಗಿಸಿ ನನ್ನ ತೋಳು ಮೂಸಿ, ಹಾಲು ಬಿಟ್ಟಿತು.

ಆಮೇಲಿನ ಮೂರು ಸಲ ನಾನು ಮನೆಯವರ ಹತ್ತಿರವೂ ಹೀಗೇ ಬಂದೆ. ನೀವೂ ಹೀಗೇ ಮಾಡಿ. ಹಾದಿಯಿಂದ ಸೀದಾ ಮನೆಗೆ ಬರಬೇಡಿ, ನಡುವೆ ಒಂದು ರಾತ್ರಿ ಇರಲಿ. ನಾವು ಕಲಬುರಗಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಉಳಿಯುತ್ತೇವೆ. ಎಣ್ಣೆ ಹಚ್ಚಿಕೊಂಡು ಸ್ನಾನ, ಸಂಜೆ ಶರಣಬಸವೇಶ್ವರ ಗುಡಿಯಲ್ಲಿ ಒಂದು ತಾಸು ಸುಮ್ಮನೆ ಕೂರುವುದು, ಆಮೇಲೆ ಮನೆಗೆ ಫೋನು. ಆ ಫೋನಿನಲ್ಲಿ ನಾವು ಮಾತಾಡುವುದಿಲ್ಲ, ಒಂದು ತಿಂಗಳ ಸುದ್ದಿಯನ್ನೆಲ್ಲ ಕೇಳುತ್ತೇವೆ. ಮನೆಗೆ ಹೋದ ಮೇಲೂ ಮೊದಲ ವಾರ ಅವರದೇ ಸರದಿ. ಯಾರ ಮದುವೆಯಾಯಿತು, ತೊಗರಿಗೆ ಏನು ದರ ಬಂತು, ಯಾವ ದಿನ ಪಲ್ಯ ಸೀದುಹೋಯಿತು. ನಿಮ್ಮ ಕಥೆ ಕೇಳಿದವರಿಗೆ ಕೇಳಿದಷ್ಟು ಹೇಳಿ. ಅವರು ಕೇಳುತ್ತಾರೆ, ಸ್ವಲ್ಪ ತಡವಾಗಿ ಕೇಳುತ್ತಾರೆ. ನಮ್ಮ ಅತ್ತಿ ಶೂಲಪಾಣಿಯ ಬಗ್ಗೆ ಕೇಳಿದ್ದು ಶ್ರಾವಣದಲ್ಲಿ, ಪ್ಲಾಸ್ಟರ್ ಬಿಚ್ಚಿದ ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ.

ಮೈಗೂ ಸಮಯ ಕೊಡಿ. ನಡಿಗೆ ನಿಂತರೂ ಹಸಿವು ನಿಲ್ಲುವುದಿಲ್ಲ, ಐದು ರೊಟ್ಟಿ ಬೇಡುತ್ತದೆ, ಮೂರು ಉಂಡು ಎದ್ದುಬಿಡಿ. ಒಮ್ಮೆಲೇ ಕೂರಬೇಡಿ: ಮೊದಲ ವಾರ ದಿನಕ್ಕೆ ಆರು ಕಿಲೋಮೀಟರ್, ಮುಂದಿನ ವಾರ ನಾಲ್ಕು, ಬೆಳಗ್ಗೆ ಹೊಲದ ಕಡೆ. ಮಂಚದ ಮೇಲೆ ನಿದ್ದೆ ಬರದಿದ್ದರೆ ನೆಲಕ್ಕೆ ಹಾಸಿಕೊಳ್ಳಿ. ನಾನು ಮಾಳಿಗೆಯ ಮೇಲೆ ಅವ್ವನ ಕೌದಿ ಹಾಸಿ ಹದಿನೈದು ದಿನ ಮಲಗಿದೆ. ಅಂಚೆಯಲ್ಲಿ ಬಂದಿದ್ದನ್ನು ಯಾರೂ ಬಿಚ್ಚಿರಲಿಲ್ಲ, ನಾನು ಕಟ್ಟಿದ ಗಂಟು ಹಾಗೇ ಇತ್ತು.

ಐದಾರು ದಿನವಾದ ಮೇಲೆ ಒಂದು ಖಾಲಿತನ ಬರುತ್ತದೆ. ಹಾದಿಯಲ್ಲಿ ಬೆಳಗ್ಗೆ ಎದ್ದರೆ ಮಾಡಬೇಕಾದದ್ದು ಒಂದೇ, ಮುಂದಿನ ಊರು ಸೇರುವುದು. ಮನೆಯಲ್ಲಿ ಹತ್ತು ಕೆಲಸ, ಯಾವುದೂ ಮುಗಿಯುವುದಿಲ್ಲ. ನನಗೆ ಎರಡನೇ ವರ್ಷ ಕಾರಣವಿಲ್ಲದೇ ಅಳು ಬರುತ್ತಿತ್ತು. ಆ ದಿನಗಳಲ್ಲಿ ದೊಡ್ಡ ನಿರ್ಧಾರ ಮಾಡಬೇಡಿ, ಎಲ್ಲ ಬಿಟ್ಟು ಮತ್ತೆ ಹೊರಟುಬಿಡುತ್ತೇನೆ ಎಂದು ಮನೆಯಲ್ಲಿ ಹೇಳಬೇಡಿ. ಆ ಮಾತು ಅವರನ್ನು ಚುಚ್ಚುತ್ತದೆ, ವಾಪಸ್ಸು ತೆಗೆದುಕೊಳ್ಳಲು ಬರುವುದಿಲ್ಲ. ಕೈಯಲ್ಲಿ ಮುಗಿಯುವಂಥ ಕೆಲಸ ಹಿಡಿಯಿರಿ. ನಾನು ಬೀಜದ ತೊಗರಿ ಆರಿಸಿದೆ, ಮೊರದಿಂದ ಮೊರಕ್ಕೆ. ತಿಂಗಳು ಕಳೆದರೂ ನಿದ್ದೆ, ಊಟ ಸರಿಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಜೊತೆಗೆ ನಡೆದವರನ್ನು ವಾರಕ್ಕೊಮ್ಮೆಯಾದರೂ ಕಾಣಿರಿ. ನನಗೆ ನನ್ನ ನೆಗೆಣ್ಣಿ ಒಂದೇ ಗೋಡೆಯಾಚೆ ಇದ್ದಳು. ಸಂಜೆ "ಅಕ್ಕಾ, ಏಳು, ಹೊಳೀತನಕ ಹೋಗಿ ಬರೋಣು" ಎಂದು ಬಾಗಿಲಿಗೆ ಬರುತ್ತಿದ್ದಳು.

ನಿಮ್ಮ ಕೆಲಸ ಹೊತ್ತವರಿಗೂ ರಜೆ ಕೊಡಿ. ಇದನ್ನು ಮರೆಯುವವರೇ ಹೆಚ್ಚು. ನಮ್ಮ ಮನೆಯವರು, ಮೈದುನ ಇಬ್ಬರೂ ಬಿತ್ತನೆಗೆ ಮೊದಲು ಎಂಟು ದಿನ ಪಂಢರಪುರ, ಕೊಲ್ಹಾಪುರ ತಿರುಗಿ ಬರುತ್ತಾರೆ. ಬಂದಾಗ ನಾವು ಅವರ ಕಾಲಿಗೆ ನೀರು ಹಾಕುತ್ತೇವೆ, ಅವರು ಹೇಳುವುದನ್ನು ಪೂರ್ತಿ ಕೇಳುತ್ತೇವೆ.

ಚೀಲವನ್ನು ಒಗೆದು, ಬಿಸಿಲಿಗೆ ಒಣಗಿಸಿ, ಮುಟ್ಟದೇ ಉಳಿದ ವಸ್ತು ಯಾವುದೆಂದು ವಹಿಯಲ್ಲಿ ಬರೆದು ಅಟ್ಟಕ್ಕೆ ಹಾಕಿ. ಕಣ್ಣೆದುರಿಗೆ ಗೂಟಕ್ಕೆ ತೂಗುಹಾಕಬೇಡಿ, ಮನೆಯವರಿಗೆ ಅದು ನೀವು ಎದ್ದು ನಿಂತ ಹಾಗೆಯೇ ಕಾಣುತ್ತದೆ. ಓಂಕಾರೇಶ್ವರದಲ್ಲಿ ತುಂಬಿಕೊಂಡ ಪುಟ್ಟ ಬಾಟಲಿ ಮಾತ್ರ ಆ ನಾಲ್ಕು ವರ್ಷವೂ, ನಾವು ಮನೆಯಲ್ಲಿದ್ದಾಗೆಲ್ಲ, ದೇವರ ಜಗಲಿಯ ಮೇಲಿತ್ತು. ಪರಿಕ್ರಮೆ ಮುಗಿಯುವವರೆಗೆ ಅದನ್ನು ಜೊತೆಗಿಟ್ಟುಕೊಂಡು ಪೂಜೆ ಮಾಡಬೇಕು, ಕೊನೆಗೆ ಓಂಕಾರೇಶ್ವರದಲ್ಲಿ ಅರ್ಪಿಸಬೇಕು. ದಿನಾ ದೀಪ ಹಚ್ಚುವಾಗ ಅತ್ತಿಯೇ ಅದಕ್ಕೂ ಒಂದು ಹೂ ಏರಿಸುತ್ತಿದ್ದರು. ಈಗ ಆ ಜಾಗದಲ್ಲಿ ಬಾಟಲಿಯ ತಳದಷ್ಟು ಗೋಲ ಗುರುತು ಉಳಿದಿದೆ, ಕುಂಕುಮ ಸುತ್ತ ಬಿದ್ದು ಆದದ್ದು.

ಈ ವರ್ಷ ರಾಶಿಯಾದ ಮೇಲೆ ಮತ್ತೆ ಶ್ರೀಶೈಲಕ್ಕೆ. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ಮೇಲೆ ಹತ್ತುವ ಹಾದಿ. ಎಮ್ಮೆ ಗಬ್ಬ ಇದೆ, ಯುಗಾದಿ ಕಳೆದು ಹದಿನೈದು ದಿನಕ್ಕೆ ಈಯುವ ಲೆಕ್ಕ. ಅದನ್ನು ನೋಡಿಕೊಂಡೇ ಅತ್ತಿ ಕ್ಯಾಲೆಂಡರಿನಲ್ಲಿ ನಾವು ಬರುವ ತಾರೀಖಿಗೆ ಗೋಲ ಹಾಕಿದ್ದಾರೆ, ಬಲಗೈಯಲ್ಲಿ.